ಅಕ್ಷರಚ್ಯುತಕ

ನಮ್ಮ ಆಲಂಕಾರಿಕರು ಚಿತ್ರಕಾವ್ಯದಲ್ಲಿ ಅಕ್ಷರಚ್ಯುತಕವೆಂಬುದೊಂದು ಭೇದವನ್ನು ಹೇಳಿರುವರು. ಒಂದಕ್ಷರವನ್ನು ಬಿಟ್ಟು ಓದಿದರೆ ಅರ್ಥಾಂತರವು ಹೊಳೆಯುವುದೇ ಅದರ ಚಮತ್ಕಾರವು. 'ವಾನರ' ಶಬ್ದದ ಆದ್ಯಕ್ಷರವನ್ನು ತೆಗೆದರೆ 'ನರ'ನಾಗುವನು. ನಡುವಣದನ್ನು ತೆಗೆದರೆ 'ವಾರ'ವಾಗುವುದು. ಪಾಠಶಾಲೆಯಲ್ಲಿ ನಾವು ವಿನೋದವೆಂದು ಕಲಿತ ಈ ವಿದ್ಯೆಯು ನಮ್ಮ ದೇಹದ ಜೀವಕೋಶಗಳಲ್ಲಿ ಅನುದಿನವೂ ನಡೆಯುತ್ತಿರುವುದೆಂದು ಇಳಿವಯಸ್ಸಿನಲ್ಲಿ ಓದಿ ತಿಳಿದೆನು.

ಜೀವಕೋಶದಲ್ಲಿ ಡಿಎನ್‌ಎ ಮೂಲಗ್ರಂಥ; ಆರ್‌ಎನ್‌ಎ ಅದರ ಪ್ರತಿ. ಈ ಪ್ರತಿಯಲ್ಲಿ ಉಳಿಯತಕ್ಕ ಖಂಡಗಳ ನಡುನಡುವೆ ಕಳೆಯತಕ್ಕ ಭಾಗಗಳೂ ಇರುವುವೆಂಬುದನ್ನು 1977ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಕಂಡುಹಿಡಿದರು. 1993ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಉಳಿಯುವ ಖಂಡಕ್ಕೆ ಎಕ್ಸಾನ್ ಎಂದೂ, ಕಳೆಯುವ ಭಾಗಕ್ಕೆ ಇಂಟ್ರಾನ್ ಎಂದೂ ಹೆಸರು. ಕತ್ತರಿಸಿ ಬೆಸೆಯುವ ಈ ಕಾರ್ಯವೇ ಸ್ಪ್ಲೈಸಿಂಗ್. ಕೆಲವು ಎಕ್ಸಾನುಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಬೆಸೆಯುವುದರಿಂದ ಒಂದೇ ಜೀನಿನಿಂದ ಹಲವು ಪ್ರೋಟೀನುಗಳು ಹುಟ್ಟುವುವು.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ನಿರ್ಣಯಿಸುವವರಾರು? ಆರ್‌ಎನ್‌ಎಯಲ್ಲಿಯೇ ಅದಕ್ಕೆ ಸಂಕೇತಗಳುಂಟು. ಎಸ್‌ಆರ್ ಎಂಬ ಪ್ರೋಟೀನುಗಳು ಎಕ್ಸಾನಿನ ಸಂಕೇತವನ್ನು ಹಿಡಿದು ಸಾಮಾನ್ಯವಾಗಿ 'ಇದಿರಲಿ' ಎನ್ನುವುವು; ಎಚ್‌ಎನ್‌ಆರ್‌ಎನ್‌ಪಿ ಎಂಬ ವರ್ಗದವು ಹಲವೆಡೆ 'ಬೇಡ'ವೆನ್ನುವುವು. ಮಿದುಳಿನಲ್ಲಿಯೂ ಸ್ನಾಯುವಿನಲ್ಲಿಯೂ ಇಂಥ ನಿಯಾಮಕಗಳ ಪ್ರಮಾಣವು ಬೇರೆ; ಆದುದರಿಂದ ಪಾಠವೂ ಬೇರೆ.

ಇದು ಬರಿಯ ಕುತೂಹಲದ ಮಾತಲ್ಲ. ನಮ್ಮ ಬಂಧುವರ್ಗದ ಶಿಶುವೊಂದಕ್ಕೆ ಕತ್ತು ನಿಲ್ಲಲೇ ಇಲ್ಲ. ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ವೈದ್ಯರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂದರು. ಮನೆಯ ಹಿರಿಯರು ತಾಯಿಯ ಕಾಲ್ಗುಣವೆಂದರು. ಈ ವ್ಯಾಧಿಯಲ್ಲಿ ಎಸ್‌ಎಂಎನ್ 1 ಎಂಬ ಜೀನು ಕೆಟ್ಟಿರುವುದು. ಅದರ ಅವಳಿಯಂತಿರುವ ಎಸ್‌ಎಂಎನ್ 2 ಉಳಿದಿದ್ದರೂ, 7ನೆಯ ಎಕ್ಸಾನಿನ ಒಂದಕ್ಷರದ ವ್ಯತ್ಯಾಸದಿಂದ ಅದರ ಬಹುಪಾಲು ಪ್ರತಿಗಳಲ್ಲಿ ಆ ಎಕ್ಸಾನೇ ಬಿಟ್ಟುಹೋಗುವುದು. ಹುಟ್ಟಿದ ಪ್ರೋಟೀನು ಬಾಳದು. ಏಡ್ರಿಯನ್ ಕ್ರೈನರ್ ಮೊದಲಾದವರ ಪರಿಶ್ರಮದಿಂದ ಸಿದ್ಧವಾದ ನುಸಿನರ್ಸೆನ್ ಎಂಬ ಔಷಧವು ಕೇವಲ 18 ಅಕ್ಷರಗಳ ತುಣುಕು. 'ಬೇಡ'ವೆನ್ನುವ ಸಂಕೇತವನ್ನು ಅದು ಮುಚ್ಚಿ, 7ನೆಯ ಎಕ್ಸಾನನ್ನು ಉಳಿಸುವುದು. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತುದು 2016ರ ಡಿಸೆಂಬರಿನಲ್ಲಿ. ನಮ್ಮ ಶಿಶುವು ಅದಕ್ಕೆ ಬಹಳ ಮುಂಚೆಯೇ ಹೋಗಿತ್ತು.

ಈ ದೋಷವು ಸಾಮಾನ್ಯವಾಗಿ ತಾಯಿತಂದೆಗಳಿಬ್ಬರಿಂದಲೂ ಬರುವುದು. ಇಬ್ಬರೂ ಆರೋಗ್ಯವಾಗಿಯೇ ಇರುವುದರಿಂದ ಯಾರಿಗೂ ತಿಳಿದಿರುವುದಿಲ್ಲ. ಔಷಧವು ಎಲ್ಲರ ಕೈಗೆ ನಿಲುಕುವಂತಹುದಲ್ಲ; ಆದರೆ ಈ ತಿಳಿವಳಿಕೆಯನ್ನಾದರೂ ಮನೆಮನೆಗೆ ಮುಟ್ಟಿಸಬಹುದಲ್ಲವೆ? ಕಳೆದ ವರ್ಷ ಆ ತಾಯಿಯನ್ನು ಕೂರಿಸಿಕೊಂಡು ಇಷ್ಟನ್ನೂ ಬಿಡಿಸಿ ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಕಾಲ್ಗುಣವಲ್ಲವೆ, ದೊಡ್ಡಪ್ಪ?" ಎಂದಳು.