ಕಂಪ್ಯೂಟರಿನ ಹೊಟ್ಟೆಗೆ ಹಿತವಾದ ಕರೆಂಟು

ಮಕ್ಕಳ ಓದಿಗೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ತರಬೇಕೆಂಬ ಮಾತು ಮನೆಯಲ್ಲಿ ಎದ್ದಿತೆಂದರೆ ಮಗನೋ ಮಗಳೋ ಅಂದೇ ಪಟ್ಟಿ ಬರೆಯಲು ಕೂರುತ್ತಾರೆ. ಪ್ರೊಸೆಸರ್ ಯಾವುದು? ಮೆಮೊರಿ ಎಷ್ಟು? ಪರದೆ ಎಷ್ಟು ಇಂಚಿನದು? ಇವೆಲ್ಲಕ್ಕೂ ಹಣ ಎತ್ತಿಟ್ಟು, ಉಳಿದ ಚಿಲ್ಲರೆಯಲ್ಲಿ ಕೊಳ್ಳುವ ವಸ್ತುವೊಂದಿದೆ. ಅದೇ ಪವರ್ ಸಪ್ಲೈ. ಅಂಗಡಿಯವರ ಬಾಯಲ್ಲಿ ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂತ ತಗಡಿನ ಪೆಟ್ಟಿಗೆ. ಗೆಳೆಯರಿಗೆ ತೋರಿಸಿ ಬೀಗುವಂಥದ್ದಲ್ಲ. ಆದರೆ ಕಂಪ್ಯೂಟರಿನ ಉಳಿದ ಭಾಗಗಳೆಲ್ಲ ಉಣ್ಣುವುದು ಇದು ಬಡಿಸಿದ್ದನ್ನೇ.

ಸೊರಬ ತಾಲ್ಲೂಕಿನ ಜಡೆಯಂಥ ಊರಿನಲ್ಲಿ ಈ ಪೆಟ್ಟಿಗೆಗೆ ಪಟ್ಟಣಕ್ಕಿಂತ ಹೆಚ್ಚು ಕೆಲಸ. ನಾಡಿಗೆ ಬೆಳಕು ಕೊಟ್ಟ ಶರಾವತಿ ಹರಿಯುವುದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ವಿದ್ಯುದಾಗಾರ ಒಂದರ ಸಾಮರ್ಥ್ಯವೇ 1035 ಮೆಗಾವ್ಯಾಟ್. ಹಾಗೆಂದು ಹತ್ತಿರದ ಹಳ್ಳಿಯ ಪ್ಲಗ್ಗಿನಲ್ಲಿ ಸದಾ 230 ವೋಲ್ಟ್ ಇರಬೇಕೆಂದೇನಿಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳು ಒಮ್ಮೆಲೇ ಹೊರಟರೆ ಉದ್ದನೆಯ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಮಂಕಾಗುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದರೆ ಕರೆಂಟು ಹೋಗುತ್ತದೆ. ಮರಳಿ ಬರುವಾಗ ನೆಗೆದೇ ಬರುತ್ತದೆ.

ಹೀಗೆ ಏರಿಳಿಯುತ್ತ ಬರುವ ಎಸಿ ಕರೆಂಟನ್ನು ಒಳಗೆ ಬಿಟ್ಟುಕೊಂಡು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಮಾಡಿ, ಒಂದೇ ಹದದಲ್ಲಿ ಬಡಿಸುವುದು ಎಸ್‌ಎಂಪಿಎಸ್‌ನ ಕಾಯಕ. ಒಳ್ಳೆಯದಾದರೆ, ತಾನು ಕೆಡುವಾಗಲೂ ಬಾಗಿಲು ಮುಚ್ಚಿಕೊಂಡು ಕೆಡುತ್ತದೆ. ಅಗ್ಗದ್ದಾದರೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಸಾವಿರ ರೂಪಾಯಿ ಉಳಿಸಲು ಹೋಗಿ ಅಡಿಕೆ ಮಾರಿದ ದುಡ್ಡನ್ನು ಕಳೆದುಕೊಳ್ಳುವುದೆಂದರೆ ಇದೇ. ಮಗಳು ವರ್ಷವಿಡೀ ಕೂತು ಮಾಡಿದ ಪ್ರಾಜೆಕ್ಟಂತೂ ದುಡ್ಡಿಗೂ ಮರಳಿ ಸಿಕ್ಕದು.

ಇಲ್ಲೊಂದು ಸ್ವಾರಸ್ಯವಿದೆ. ಕಂಪ್ಯೂಟರಿನ ವಿಷಯ ಬಂದರೆ ‘ಅದೆಲ್ಲ ನಮಗೆ ತಿಳಿಯದು, ಹುಡುಗರಿಗೇ ಗೊತ್ತು’ ಎಂದು ದೂರ ಸರಿಯುವ ರೈತನಿಗೆ ಈ ಒಂದು ಭಾಗದ ಮಟ್ಟಿಗೆ ಮಕ್ಕಳಿಗಿಂತ ಹೆಚ್ಚು ತಿಳಿದಿರುತ್ತದೆ. ವೋಲ್ಟೇಜ್ ಇಳಿದಾಗ ಮೋಟರು ಹೆಚ್ಚು ಆಂಪಿಯರ್ ಎಳೆದು ಕಾಯಿಲು ಸುಡುವುದನ್ನು ಆತ ಕಂಡವನು. ಎಸ್‌ಎಂಪಿಎಸ್‌ನ ಪಾಡೂ ಅದೇ. 230 ವ್ಯಾಟ್ ಎಳೆಯುವಾಗ 230 ವೋಲ್ಟಿನಲ್ಲಿ 1 ಆಂಪಿಯರ್ ಸಾಕು. 160 ವೋಲ್ಟಿಗೆ ಇಳಿದರೆ ಸುಮಾರು 1.4 ಆಂಪಿಯರ್ ಬೇಕು. ಒಳಗಿನ ಭಾಗಗಳು ಕಾಯುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಇನ್‌ಪುಟ್ ಸಾಲು. ‘200-240 ವೋಲ್ಟ್’ ಎಂದಿದ್ದರೆ ಹಳ್ಳಿಯ ಲೈನಿಗೆ ಅದು ನಾಜೂಕು. ‘100-240 ವೋಲ್ಟ್’ ಎಂದಿದ್ದರೆ ಇಳಿತವನ್ನು ತಾಳಿಕೊಂಡೀತು. ಹಳೆಯ ಮಾದರಿಯಲ್ಲಿ 115, 230 ಎಂಬ ಪುಟ್ಟ ಸ್ವಿಚ್ ಇರುವುದುಂಟು. ಅದು 230ರಲ್ಲೇ ಇರಬೇಕು.

ಎರಡನೆಯದು ವ್ಯಾಟ್. ‘ಅಪ್ಪಾ, ಏಳುನೂರೈವತ್ತು ವ್ಯಾಟಿಂದೇ ಬೇಕು’ ಎಂದು ಮಗ ಹಟ ಹಿಡಿಯುತ್ತಾನೆ. ‘ಒಂದು ಎಚ್‌ಪಿ ಮೋಟರಿನಷ್ಟಾಯಿತಲ್ಲೋ! ಬಾವಿ ನೀರು ಎತ್ತುತ್ತೀಯೇನು?’ ಎಂದು ಅಪ್ಪ ಕೇಳಿದರೆ ಅದು ಬರಿಯ ತಮಾಷೆಯಲ್ಲ, ಸರಿಯಾದ ಲೆಕ್ಕ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ದೊಡ್ಡ ಪೆಟ್ಟಿಗೆ ತಂದ ಮಾತ್ರಕ್ಕೆ ಬಿಲ್ಲೇನೂ ಏರದು, ಯಂತ್ರ ಬೇಡಿದಷ್ಟನ್ನೇ ಅದು ಎಳೆಯುತ್ತದೆ. ಆದರೆ ಬೇಡದ ಸಾಮರ್ಥ್ಯಕ್ಕೆ ಹಣ ಸುರಿದದ್ದು ಸುರಿದಂತೆಯೇ. 65 ವ್ಯಾಟಿನ ಪ್ರೊಸೆಸರ್ ಜೋರಾಗಿ ದುಡಿಯುವಾಗ ಅದಕ್ಕಿಂತ ಹೆಚ್ಚು ಎಳೆದರೂ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಓದಿನ ಕಂಪ್ಯೂಟರು 200 ವ್ಯಾಟ್ ಮುಟ್ಟುವುದೇ ಅಪರೂಪ. ಅದಕ್ಕೆ ಒಳ್ಳೆಯ 400 ಅಥವಾ 450 ವ್ಯಾಟಿನ ಎಸ್‌ಎಂಪಿಎಸ್ ಧಾರಾಳವಾಯಿತು. ಗ್ರಾಫಿಕ್ಸ್ ಕಾರ್ಡ್ ಹಾಕುವುದಿದ್ದರೆ ಅದರ ತಯಾರಕರು ಸೂಚಿಸಿದ ವ್ಯಾಟನ್ನು ನೋಡಿಕೊಂಡೇ ಕೊಳ್ಳಬೇಕು.

‘ಒಳ್ಳೆಯ’ ಎಂಬುದನ್ನು ಅಳೆಯುವುದು ಹೇಗೆ? ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ಎಂದು ನೋಡಿ, ಗುಣಿಸಿ. ಇಂದಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳು ಹೆಚ್ಚಾಗಿ ಉಣ್ಣುವುದು ಈ 12 ವೋಲ್ಟಿನಿಂದಲೇ. 36 ಆಂಪಿಯರ್ ಇದ್ದರೆ 432 ವ್ಯಾಟ್; 450 ಎಂದು ಹೇಳಿಕೊಂಡದ್ದು ಒಪ್ಪುವ ಮಾತು. 18 ಆಂಪಿಯರ್ ಮಾತ್ರವಿದ್ದರೆ 216 ವ್ಯಾಟ್. ಹೊರಗೆ ದಪ್ಪಕ್ಷರದಲ್ಲಿ 450 ಎಂದು ಬರೆದಿದ್ದರೂ ನಂಬುವಂತಿಲ್ಲ. ಏಳನೆಯ ತರಗತಿಯ ಗುಣಾಕಾರದಲ್ಲಿ ಬಯಲಾಗುವ ಗುಟ್ಟಿದು.

‘80 ಪ್ಲಸ್’ ಎಂಬ ಗುರುತು 2004ರಿಂದ ಬಂದದ್ದು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ನೂರಕ್ಕೆ 80 ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ ಎಂದು ಅದರ ಅರ್ಥ. ಯಂತ್ರಕ್ಕೆ 200 ವ್ಯಾಟ್ ಕೊಡಲು ಅಂಥದ್ದು 250 ವ್ಯಾಟ್ ಎಳೆದರೆ, ಉಳಿದ 50 ಬಿಸಿಯಾಗಿ ಹೋಯಿತು. ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆ ಏರಿದಂತೆ ಈ ನಷ್ಟ ಇಳಿಯುತ್ತದೆ. ಆದರೆ ಈ ಗುರುತು ಹೇಳುವುದು ಮಿತವ್ಯಯವನ್ನು, ರಕ್ಷಣೆಯನ್ನಲ್ಲ. ವೋಲ್ಟೇಜ್ ಏರಿದರೆ, ಶಾರ್ಟ್ ಆದರೆ, ಲೋಡ್ ಮಿತಿ ಮೀರಿದರೆ ತಾನಾಗಿ ನಿಲ್ಲುವ ಏರ್ಪಾಡು ಇದೆಯೇ, ವಾರಂಟಿ ಎಷ್ಟು ವರ್ಷ ಎಂದು ಬೇರೆಯಾಗಿಯೇ ಕೇಳಬೇಕು. 5 ವರ್ಷದ ಭರವಸೆ ಕೊಡುವವನಿಗೂ ಒಂದೇ ವರ್ಷ ಕೊಡುವವನಿಗೂ ತನ್ನ ಮಾಲಿನ ಮೇಲಿನ ನಂಬಿಕೆಯಲ್ಲೇ ವ್ಯತ್ಯಾಸವಿದೆ.

ಎಷ್ಟೇ ಒಳ್ಳೆಯದನ್ನು ತಂದರೂ ಅದರಿಂದ ಆಗದ ಕೆಲಸಗಳಿವೆ. ಕರೆಂಟು ಹೋದಾಗ ಯಂತ್ರವನ್ನು ನಡೆಸಲು ಯುಪಿಎಸ್ಸೇ ಬೇಕು. ಕೊಳ್ಳುವಾಗ ವಿಎ ಜೊತೆಗೆ ವ್ಯಾಟನ್ನೂ ನೋಡಬೇಕು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದೀತು. ಕಂಪ್ಯೂಟರು ಬರುವ ಮೊದಲೇ ಎಲೆಕ್ಟ್ರಿಷಿಯನ್ನರಿಗೆ ತೋರಿಸುವುದು ಕ್ಷೇಮ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗಂತೂ ಒಂದೇ ಮದ್ದು: ಮೋಡ ಕಟ್ಟಿತೆಂದರೆ ಪ್ಲಗ್ ಕೀಳುವುದು.

ಅಂಗಡಿಗೆ ಹೋಗುವಾಗ ಅಪ್ಪನೂ ಮಗನೂ ಒಟ್ಟಿಗೆ ಹೋಗಲಿ. ಪ್ರೊಸೆಸರನ್ನು ಮಗ ಆರಿಸಲಿ. ಎಸ್‌ಎಂಪಿಎಸ್‌ನ ಚೀಟಿಯನ್ನು ಮಾತ್ರ ಅಪ್ಪ ಕನ್ನಡಕ ಹಾಕಿಕೊಂಡು ಓದಲಿ. ಪಂಪ್‌ಸೆಟ್ಟಿನ ಜೊತೆ ಏಗಿ ಕಲಿತ ವಿದ್ಯೆ ಮಗನ ಓದಿಗೆ ಒದಗಿ ಬರಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕದು.