ಸೂಜಿ ಹಿಡಿದ ಎಂಬಿಬಿಎಸ್

ಪುಣೆಯಲ್ಲಿ ಎಂಬಿಬಿಎಸ್ ಫಲಕದ ಕೆಳಗೇ ‘ಅಕ್ಯುಪಂಕ್ಚರ್’ ಅಂತ ಬರೆದಿದ್ದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ 2015ರ ಕಾಯ್ದೆಯೇ ಇದೆ.

ಈ ಸೂಜಿ ಚಿಕಿತ್ಸೆ ಚೀನಾದ್ದು. ಚೀನಾ, ಡಾಕ್ಟರು ಅಂದ ಕೂಡಲೇ ಇಲ್ಲಿಯವರ ಬಾಯಲ್ಲಿ ಬರುವ ಹೆಸರು ನಮ್ಮ ಗಡಿಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಚೀನಾ-ಜಪಾನ್ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. 1942ರಲ್ಲಿ ಅಲ್ಲೇ ತೀರಿಕೊಂಡರು, ವಯಸ್ಸು ಬರೀ 32. ಆದರೆ ಸೂಜಿ ವಿದ್ಯೆಯನ್ನು ಭಾರತಕ್ಕೆ ತಂದದ್ದು ಅದೇ ತಂಡದ ಬಂಗಾಳಿ ವೈದ್ಯ ಬಿಜೊಯ್ ಕುಮಾರ್ ಬಸು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಮತ್ತೆ ಚೀನಾಕ್ಕೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದರು. ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯಾದದ್ದು ಆಮೇಲೆ, 1971ರಲ್ಲಿ ಅಲ್ಲಿನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಸೂಜಿ ಚುಚ್ಚಿಸಿಕೊಂಡು ಬರೆದಾಗ. (ಅವರ ಅಪೆಂಡಿಕ್ಸ್ ತೆಗೆದದ್ದು ಮಾಮೂಲಿ ಅರಿವಳಿಕೆ ಕೊಟ್ಟೇ, ಸೂಜಿ ಬಂದದ್ದು ಆಮೇಲಿನ ಹೊಟ್ಟೆನೋವಿಗೆ. ಸೂಜಿಯಿಂದಲೇ ಆಪರೇಷನ್ ಆಯಿತು ಅಂತ ಕಥೆ ಮಾತ್ರ ಉಲ್ಟಾ ಹಬ್ಬಿತು.)

ಈಗಿನ ಡಾಕ್ಟರುಗಳಲ್ಲಿ ಅನೇಕರು ಚೀನೀಯರು ಹೇಳುವ ಪ್ರಾಣಶಕ್ತಿ ‘ಚಿ’ ಬಿಟ್ಟು ನರ, ನೋವು ತಗ್ಗಿಸುವ ಎಂಡಾರ್ಫಿನ್ ಅನ್ನುತ್ತಾರೆ. ಇರಲಿ, ಫಲ ಸಿಗುತ್ತದೆಯೇ ನೋಡೋಣ. 2007ರ ಜರ್ಮನಿಯ ದೊಡ್ಡ ಅಧ್ಯಯನದಲ್ಲಿ ಸೊಂಟನೋವಿಗೆ ಸರಿಯಾದ ಬಿಂದುವಿನಲ್ಲಿ ಚುಚ್ಚಿದಾಗ ಸುಮಾರು 47% ಜನರಿಗೆ ಆರಾಮ. ಸುಮ್ಮನೆ ಎಲ್ಲೋ ಮೇಲೆಮೇಲೆ ಚುಚ್ಚಿದಾಗ 44%. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಗೆ 27%. ಹಾಗಾದರೆ ಗುಣ ಸೂಜಿಯದೋ, ಚುಚ್ಚಿಸಿಕೊಳ್ಳುವಾಗ ಪ್ರತಿ ಸಲ ಅರ್ಧ ಗಂಟೆ ಸಿಕ್ಕ ಆರೈಕೆಯದೋ? ನನ್ನ ಅನುಮಾನ ಎರಡನೆಯದರ ಮೇಲೆ. ಪುಣೆಯ ಯಾವ ಓಪಿಡಿಯಲ್ಲಿ ಅರ್ಧ ಗಂಟೆ ಸಿಗುತ್ತದೆ, ನೀವೇ ಹೇಳಿ.