ಬೆಣ್ಣೆಯ ಹೆಸರಿನಲ್ಲೊಂದು ಖಾತೆ

ನಮ್ಮ ಮನೆಯ ನಾಯಿಯ ಹೆಸರು ಬೆಣ್ಣೆ. ದಾವಣಗೆರೆಯಲ್ಲಿ ಹುಟ್ಟಿದ ನಾಯಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಬಣ್ಣವೂ ಹಾಗೆಯೇ ತಿಳಿ ಹಳದಿ. ಯಾವ ಜಾತಿ ಎಂದು ಕೇಳಿದವರಿಗೆ ನನ್ನ ಹೆಂಡತಿ "ನಮ್ಮ ಓಣಿ ಜಾತಿ" ಎನ್ನುತ್ತಿದ್ದಳು. ಒಂದು ಮಳೆಗಾಲದ ಸಂಜೆ ಗೇಟಿನ ಬಳಿ ನೆನೆಯುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿ ಒಳಗೆ ತಂದವಳು ಅವಳೇ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಬೆಣ್ಣೆಗೀಗ 10 ವರ್ಷ, ನನಗೆ 73.

ಕಳೆದ ವರ್ಷ ವಡೋದರಾದಲ್ಲಿರುವ ಮಗಳು ಫೋನು ಮಾಡಿ, "ಅಪ್ಪಾಜಿ, ಈ ಸಲ ಚಳಿಗಾಲ ಪೂರ್ತಿ ನಮ್ಮಲ್ಲೇ ಇರ್ರಿ. ಒಬ್ಬರೇ ಇರೋದು ಬ್ಯಾಡ" ಎಂದಳು. ನಾನು ಬಚ್ಚಲಲ್ಲಿ ಜಾರಿ ಬಿದ್ದಿದ್ದ ಸುದ್ದಿ ಅವಳಿಗೆ ಹೇಗೋ ತಲುಪಿತ್ತು. "ಬೆಣ್ಣೆ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಸಲಹೆ ಕೊಡುವವರಿಗೆ ನಮ್ಮ ಓಣಿಯಲ್ಲಿ ಬರವಿಲ್ಲ. "ನಾಲ್ಕು ತಿಂಗಳಿಗೆ ಯಾರಿಗಾದರೂ ಕೊಟ್ಟು ಹೋಗ್ರಿ, ನಾಯಿ ಮರೀತದೆ" ಎಂದರು. ನಾನು ತಲೆಯಾಡಿಸಿದೆ, ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಅವರಿಗೆ ಹೇಳಲೂ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ರೈಲಿನ ವಿಚಾರ ಮೊದಲು ನೋಡಿದೆ. ನಾಯಿಯನ್ನು ನಮ್ಮ ಜೊತೆಗೇ ಕೂರಿಸಿಕೊಂಡು ಹೋಗಬೇಕಾದರೆ ಎ.ಸಿ. ಮೊದಲ ದರ್ಜೆಯಲ್ಲಿ ಇಡೀ ಕೋಣೆ ನಮ್ಮದೇ ಆಗಿರಬೇಕು. ಇಲ್ಲದಿದ್ದರೆ ಗಾರ್ಡಿನ ಬೋಗಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬರಬೇಕು. ವಿಮಾನದಲ್ಲಾದರೆ ಇವನ ಗಾತ್ರದ ನಾಯಿ ಸಾಮಾನಿನ ಜೊತೆ ಕೆಳಗಿನ ಕೋಣೆಗೆ. ಗುಡುಗಿಗೇ ಮಂಚದ ಕೆಳಗೆ ನುಗ್ಗುವವನನ್ನು ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಉಳಿದದ್ದು ರಸ್ತೆ. ಗುಜರಾತಿನ ಶಾಲೆಗಳಿಗೆ ದೀಪಾವಳಿಗೆ ದೊಡ್ಡ ರಜೆ. ಮಗಳು, ಅಳಿಯ, ಮೊಮ್ಮಗಳು ಕಾರಿನಲ್ಲಿ ಬಂದು, ಹಬ್ಬ ಮುಗಿಸಿ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಮೊಮ್ಮಗಳು ಪುಟ್ಟಿ ಆರನೆಯ ತರಗತಿ. "ಅಜ್ಜಾ, ಪ್ಲಾನ್ ನಾವಿಬ್ಬರೇ ಮಾಡೋಣ" ಎಂದಳು. ನನಗೆ ಇನ್ನೇನು ಬೇಕು? ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಲೆಕ್ಕ ಬರೆದವನು. ಅಂಗಡಿಯಿಂದ ಒಂದು ಉದ್ದನೆಯ ಲೆಡ್ಜರ್ ತಂದು, ಮೊದಲ ಪುಟದಲ್ಲಿ 'ಬೆಣ್ಣೆ ಖಾತೆ' ಎಂದು ದಪ್ಪಕ್ಷರದಲ್ಲಿ ಬರೆದೆ. ಪ್ರತಿ ಭಾನುವಾರ ಅವಳು ಫೋನಿನಲ್ಲಿ ಹೇಳುವುದು, ನಾನು ಬರೆಯುವುದು.

ದಾವಣಗೆರೆಯಿಂದ ವಡೋದರಾಕ್ಕೆ ಸುಮಾರು 1,100 ಕಿ.ಮೀ. ಹೆಚ್ಚುಕಡಿಮೆ ಪೂರ್ತಿ ದಾರಿ ರಾಷ್ಟ್ರೀಯ ಹೆದ್ದಾರಿ 48. ಇದು ದೆಹಲಿಯಿಂದ ಹೊರಟು ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ನಮ್ಮೂರು, ಬೆಂಗಳೂರು ಎಲ್ಲವನ್ನೂ ಮುಟ್ಟಿ ಚೆನ್ನೈ ತಲುಪುವ ರಸ್ತೆ. ಅಳಿಯಂದಿರು ಇದನ್ನು ಎರಡೇ ದಿನದಲ್ಲಿ ಮುಗಿಸುವವರು. "ಮಾವ, ಎರಡು ದಿನ ಸಾಕು" ಎಂದರು. "ನಿಮಗೆ ಸಾಕು, ಬೆಣ್ಣೆಗೆ ನಾಲ್ಕು" ಎಂದೆ.

ಮಕ್ಕಳೇ, ಪುಟ್ಟಿ ಮಾಡಿದ ಲೆಕ್ಕವನ್ನು ನೀವೂ ಮಾಡಿ ನೋಡಿ. ದಿನಕ್ಕೆ ಹೆಚ್ಚೆಂದರೆ 320 ಕಿ.ಮೀ. ಗಂಟೆಗೆ ಸರಾಸರಿ 60 ಕಿ.ಮೀ. ಎಂದರೆ 5 ಗಂಟೆ 20 ನಿಮಿಷ. ಎರಡು ಗಂಟೆಗೊಮ್ಮೆ ಬೆಣ್ಣೆ ಕೆಳಗಿಳಿದು ಮೂಸಿ, ಕಾಲೆತ್ತಿ, ನೀರು ಕುಡಿಯಲು 20 ನಿಮಿಷದ ನಿಲುಗಡೆ ಎರಡು. ನಮ್ಮ ಊಟಕ್ಕೆ ಒಂದು ಗಂಟೆ. ಒಟ್ಟು ಸರಿಯಾಗಿ 7 ಗಂಟೆ. ಬೆಳಗ್ಗೆ 6ಕ್ಕೆ ಹೊರಟರೆ ಮಧ್ಯಾಹ್ನ 1ಕ್ಕೆ ತಲುಪಬೇಕು. ದಾರಿಯಲ್ಲಿ ಲಾರಿಗಳ ಸಾಲು, ಘಾಟಿ ಇರುತ್ತವೆ, ಹಾಗಾಗಿ ಇನ್ನೆರಡು ಗಂಟೆ ಸೇರಿಸಿದೆವು. ಏನಾದರೂ ಬೆಳಕಿರುವಾಗಲೇ ಊರು ಸೇರಬೇಕು. ಹೀಗೆ ಬೆಳಗಾವಿ, ಸಾತಾರಾ, ಮುಂಬೈ ದಾಟಿದ ಮೇಲೆ ಸಿಗುವ ಮನೋರ್, ಈ ಮೂರು ಕಡೆ ರಾತ್ರಿ; ನಾಲ್ಕನೆಯ ದಿನ ವಡೋದರಾ.

ಪಶು ಆಸ್ಪತ್ರೆಯ ಡಾಕ್ಟರಮ್ಮ ನಮಗೆ ಅರ್ಧ ಗಂಟೆ ಪಾಠ ಮಾಡಿದರು. ಹುಚ್ಚುನಾಯಿ ರೋಗದ ಲಸಿಕೆಯ ವರ್ಷದ ಡೋಸು ಹಾಕಿ, ಪುಸ್ತಕದಲ್ಲಿ ಬರೆದು, ಪ್ರಯಾಣಕ್ಕೆ ಯೋಗ್ಯ ಎಂದು ಒಂದು ಪತ್ರವನ್ನೂ ಕೊಟ್ಟರು. ಅವರು ಹೇಳಿದ್ದನ್ನೆಲ್ಲ ಖಾತೆಗೆ ಏರಿಸಿದೆ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆಯೇ ಊಟ ಮುಗಿಯಬೇಕು, ಅದೂ ಅರ್ಧ ಹೊಟ್ಟೆ. ದಾರಿಯಲ್ಲಿ ಹೊಸ ತಿಂಡಿ ಬೇಡ, ಮನೆಯ ಅನ್ನ ಮೊಸರೇ ಇರಲಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಕಿಟಕಿಯಿಂದ ತಲೆ ಹೊರಹಾಕಲು ಬಿಡಬಾರದು, ಕಣ್ಣಿಗೆ ಧೂಳು, ಹುಳ ಬಡಿಯುತ್ತದೆ. ಎದೆಪಟ್ಟಿ ಕಟ್ಟಿ ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸಬೇಕು. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಬೇಕು. ಟಾರು ಬಿಸಿಯಿದೆಯೇ ಎಂದು ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ಇಟ್ಟು ನೋಡಬೇಕು. ನಮ್ಮ ಕೈಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು.

ಎಲ್ಲಕ್ಕಿಂತ ಮುಖ್ಯವಾದದ್ದೆಂದು ಎರಡು ಮಾತು ಹೇಳಿದರು. ಒಂದು, ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಐದು ನಿಮಿಷವೂ ಒಂಟಿಯಾಗಿ ಬಿಡಬಾರದು. ಹೊರಗೆ 30 ಡಿಗ್ರಿ ಇದ್ದರೂ ಗಾಜು ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45ರ ಆಸುಪಾಸಿಗೆ ಏರುತ್ತದೆ. ನಮ್ಮ ಹಾಗೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಎರಡು, ಮೊದಲು ಹಗ್ಗ ಕೈಗೆ, ಆಮೇಲೆ ಬಾಗಿಲು. "ತಪ್ಪಿಸಿಕೊಂಡರೆ ಹಿಂದೆ ಓಡಬೇಡಿ. ಓಡಿದಷ್ಟೂ ಅದು ಓಡುತ್ತದೆ. ಕೂತುಕೊಂಡು ಕರೆಯಿರಿ" ಎಂದರು. ಪುಟ್ಟಿ ಇದನ್ನು ಕೆಂಪು ಶಾಯಿಯಲ್ಲೇ ಬರೆಯಬೇಕೆಂದು ಹಟ ಹಿಡಿದಳು, ಬರೆದೆ.

ಆಮೇಲೆ ತಾಲೀಮು. ನನ್ನ ಹಳೆಯ ಕಾರಿನಲ್ಲಿ ಮೊದಲ ದಿನ ಎಂಜಿನ್ ಹಾಕದೆ ಇಬ್ಬರೂ ಸುಮ್ಮನೆ ಕೂತೆವು. ಎರಡನೆಯ ದಿನ ಎಂಜಿನ್ ಹಾಕಿ ಕೂತೆವು. ಮೂರನೆಯ ದಿನ ಓಣಿಯಲ್ಲಿ ಒಂದು ಸುತ್ತು. ವಾರ ಬಿಟ್ಟು ಹರಿಹರ. ತುಂಗಭದ್ರೆ ಕಾಣುವ ಹೊತ್ತಿಗೆ ಬೆಣ್ಣೆ ಸೀಟಿನ ಮೇಲೆ ವಾಂತಿ ಮಾಡಿದ. ಬೆಳಗ್ಗೆ ನಾನೇ ಹೊಟ್ಟೆ ತುಂಬ ಉಣಿಸಿದ್ದೆ. ಎರಡನೆಯ ಸಲ ಹರಿಹರಕ್ಕೆ ಹೋದಾಗ ಏನೂ ಆಗಲಿಲ್ಲ. ಮೂರನೆಯದು ಚಿತ್ರದುರ್ಗ, ಅಲ್ಲಿಯವರೆಗೂ ಗೊರಕೆ. ಖಾತೆಯಲ್ಲಿ 'ಪಾಸ್' ಎಂದು ಬರೆದೆ.

ದೀಪಾವಳಿಗೆ ಎಲ್ಲರೂ ಬಂದರು. ಪಟಾಕಿಗೆ ಹೆದರಿ ಬೆಣ್ಣೆ ಎರಡು ದಿನ ಮಂಚದ ಕೆಳಗಿದ್ದ. ಮೂರನೆಯ ದಿನ ಬೆಳಗಿನ ಜಾವ ಸಾಮಾನು ತುಂಬಿ, ಅಳಿಯನ ಕಾರಿನ ಬಾಗಿಲು ತೆರೆದರೆ, ಬೆಣ್ಣೆ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತುಬಿಟ್ಟ. ತಾಲೀಮು ಆದದ್ದೆಲ್ಲ ನನ್ನ ಕಾರಿನಲ್ಲಿ! ಇದು ಹೊಸ ಕಾರು, ಹೊಸ ವಾಸನೆ. ಇಷ್ಟು ಪುಟ ಬರೆದ ಇಬ್ಬರು ಬುದ್ಧಿವಂತರಿಗೂ ಅದು ಹೊಳೆದಿರಲಿಲ್ಲ. ಕರೆದೆವು, ಬೈದೆವು, ಬಿಸ್ಕತ್ತು ತೋರಿಸಿದೆವು. ಕೊನೆಗೆ ಮಗಳು ಒಳಗೆ ಹೋಗಿ ಅವಳ ಅಮ್ಮ ಹಳೆ ಸೀರೆಗಳನ್ನು ಸೇರಿಸಿ ಹೊಲಿದಿದ್ದ ಕೌದಿ ತಂದು ಸೀಟಿನ ಮೇಲೆ ಹಾಸಿದಳು. ಬೆಣ್ಣೆ ಅದನ್ನು ಒಂದು ಸಲ ಮೂಸಿದ. ತಾನೇ ಹತ್ತಿ, ಮೂರು ಸುತ್ತು ಸುತ್ತಿ, ಮಲಗಿದ. ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊದಲ ದಿನ ಸುಖವಾಗಿ ಕಳೆಯಿತು. ಧಾರವಾಡದಲ್ಲಿ ಪೇಢೆ, ಬೆಳಗಾವಿಯಲ್ಲಿ ಕುಂದಾ. ಎರಡೂ ನಮಗೆ, ಬೆಣ್ಣೆಗೆ ಅನ್ನ ಮೊಸರು. ರಾತ್ರಿ ನನ್ನ ಹಳೆಯ ಸಹೋದ್ಯೋಗಿಯ ಮನೆಯ ಪಡಸಾಲೆ. ಎರಡನೆಯ ದಿನ ಕೊಲ್ಲಾಪುರದಲ್ಲಿ ಪಂಚಗಂಗಾ, ಕರಾಡದಲ್ಲಿ ಕೊಯ್ನಾ ದಾಟಿದೆವು. ಪುಟ್ಟಿ ನದಿಗಳ ಪಟ್ಟಿ ಬರೆಯುತ್ತಿದ್ದಳು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 64 ಕಿ.ಮೀ. ಅಷ್ಟೇ. ಆದರೂ ಅವಳು ಬೆನ್ನು ತಿರುಗಿಸಿ, ನಮ್ಮ ನಾಡನ್ನೂ ಹಾಯ್ದು, ಬಂಗಾಳ ಕೊಲ್ಲಿಯ ತನಕ ಹೋಗುತ್ತಾಳೆ ಎಂದೆ. "ಬೆಣ್ಣೆ ಥರಾನೇ ಹಟಮಾರಿ" ಎಂದಳು.

ಸಾತಾರಾದಲ್ಲಿ ಸಂಜೆ ಒಂದು ಪೆಟ್ಟು ಬಿತ್ತು. ಫೋನಿನಲ್ಲಿ "ನಾಯಿ ತನ್ನಿ, ತೊಂದರೆಯಿಲ್ಲ" ಎಂದಿದ್ದ ಲಾಡ್ಜಿನಲ್ಲಿ ಕೌಂಟರಿನವರು "ಯಾರು ಹೇಳಿದ್ದು?" ಎಂದರು. ಹೆಸರು ಕೇಳಿಟ್ಟುಕೊಂಡಿರಲಿಲ್ಲ. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ದಾಟಿಸದಿದ್ದ ನಾನು ಬಾಯಿಮಾತನ್ನು ನಂಬಿದ್ದೆ. ಪುಣ್ಯಕ್ಕೆ ಪುಟ್ಟಿ ಪ್ರತಿ ಊರಿಗೂ ಎರಡನೆಯ ಜಾಗವೊಂದನ್ನು ಬರೆಸಿದ್ದಳು. ಅಲ್ಲಿ ನೆಲಮಹಡಿಯ ಕೋಣೆ ಕೊಟ್ಟರು. ಮನೋರಿನ ಜಾಗಕ್ಕೆ ಆ ರಾತ್ರಿಯೇ ಫೋನು ಮಾಡಿ, ಒಪ್ಪಿಗೆಯನ್ನು ಮೆಸೇಜಿನಲ್ಲಿ ತರಿಸಿಕೊಂಡೆ.

ನಾಲ್ಕನೆಯ ದಿನ. ಸೂರತ್ ದಾಟಿ ಒಂದು ಢಾಬಾದಲ್ಲಿ ನಿಲ್ಲಿಸಿದೆವು. ಇನ್ನೇನು ಬಂದೇಬಿಟ್ಟಿತು ಎಂಬ ಸಮಾಧಾನ. ಕಾಲು ಮರಗಟ್ಟಿತ್ತು, ಚಹಾ ಬೇಕಿತ್ತು. ಪುಟ್ಟಿ ಬೆಲ್ಟು ಬಿಚ್ಚಿ ಹಗ್ಗ ಹುಡುಕುತ್ತಿದ್ದಳು. ನಾನು ಬಾಗಿಲು ತೆರೆದೆ.

ಅದೇ ಕ್ಷಣಕ್ಕೆ ಪಕ್ಕದಲ್ಲಿ ಒಂದು ಲಾರಿ ದೊಡ್ಡ ಹಾರನ್ ಬಾರಿಸಿತು. ಬೆಣ್ಣೆ ನನ್ನ ತೊಡೆಯ ಮೇಲಿಂದ ಹಾರಿ ಲಾರಿಗಳ ನಡುವೆ ಓಡಿದ. ಆಚೆ ಹೆದ್ದಾರಿ. ನಾನು ಹೆಸರು ಕೂಗುತ್ತಾ ಮೊಣಕಾಲು ನೋವನ್ನೂ ಮರೆತು ಹಿಂದೆ ಓಡಿದೆ. ಅವನು ತಿರುಗಿ ನೋಡಿ ಇನ್ನಷ್ಟು ಓಡಿದ.

"ಅಜ್ಜಾ, ಓಡಬೇಡಿ! ಕೂತ್ಕೊಳ್ಳಿ!" ಪುಟ್ಟಿ ಕಿರುಚಿದಳು. ನಾನು ಇದ್ದಲ್ಲೇ ಮಣ್ಣಿನಲ್ಲಿ ಕೂತೆ. ಅವಳು ಬೆಣ್ಣೆಯ ಸ್ಟೀಲ್ ಡಬ್ಬಿ ತಂದು ನನ್ನ ಪಕ್ಕ ಕೂತು, ಮನೆಯಲ್ಲಿ ಊಟಕ್ಕೆ ಕರೆಯುವ ಹಾಗೆ ಮುಚ್ಚಳವನ್ನು ಟಣ್ ಟಣ್ ಎಂದು ಬಡಿದಳು. ಒಂದು ನಿಮಿಷ. ಎರಡು ನಿಮಿಷ. ಪಂಕ್ಚರ್ ಅಂಗಡಿಯ ಟೈರುಗಳ ಹಿಂದಿನಿಂದ ಒಂದು ಹಳದಿ ಮೂತಿ ಕಂಡಿತು. ಬಾಲ ಮುದುರಿಕೊಂಡು ನಿಧಾನವಾಗಿ ಬಂದ. ಹಗ್ಗ ಸಿಕ್ಕಿಸಿದವಳು ಅವಳೇ. ನನ್ನ ಕೈ ನಡುಗುತ್ತಿತ್ತು.

ಭರೂಚಿನಲ್ಲಿ ನರ್ಮದೆಯ ಮೇಲಿನ ಉದ್ದದ ಸೇತುವೆಯಲ್ಲಿ ಹೋಗುವಾಗ ಬೆಣ್ಣೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಆಗ ನಾನು ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳದ ಸಂಗತಿಯನ್ನು ಹೇಳಿದೆ.

1984ರಲ್ಲಿ ನಾನು ಸಾಗರದಲ್ಲಿ ಕೆಲಸದಲ್ಲಿದ್ದೆ. ರಾಜು ಎಂಬ ಕಪ್ಪು ನಾಯಿ ಸಾಕಿದ್ದೆವು. ಬೆಳಗ್ಗೆ ಬ್ಯಾಂಕಿನವರೆಗೂ ಬಂದು, ನಾನು ಒಳಗೆ ಹೋದ ಮೇಲೆ ಮನೆಗೆ ಮರಳುತ್ತಿತ್ತು. ಗುಮಾಸ್ತರಿಗೆ ವರ್ಗಾವಣೆ ಕಡಿಮೆ. ದಾವಣಗೆರೆಗೆ ನಾನೇ ಕೇಳಿ ಪಡೆದದ್ದು. ಹೊಸ ಮನೆಯ ಮಾಲೀಕರು ನಾಯಿ ಬೇಡವೆಂದರು. ರಾಜುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಹದಿನೈದು ದಿನಕ್ಕೆ ಅವರಿಂದ ಒಂದು ಕಾರ್ಡು ಬಂತು. ರಾಜು ದಿನಾ ಬೆಳಗ್ಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಕೂರುತ್ತದೆ, ಬಾಗಿಲು ಹಾಕಿದ ಮೇಲೆ ಏಳುತ್ತದೆ, ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಬರೆದಿದ್ದರು. ನಾನು ಉತ್ತರ ಬರೆಯಲಿಲ್ಲ. ಮತ್ತೆ ಕಾರ್ಡು ಬರಲಿಲ್ಲ.

"ಆಮೇಲೆ ಏನಾಯ್ತು ಅಂತ ಯಾಕೆ ಕೇಳಲಿಲ್ಲ ಅಜ್ಜಾ?" ಎಂದಳು ಪುಟ್ಟಿ.

"ಹೆದರಿಕೆ" ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಅವಳು ಏನೂ ಅನ್ನದೆ ಬೆಣ್ಣೆಯ ಕಿವಿ ಸವರಿದಳು.

ಆ ರಾತ್ರಿ ವಡೋದರಾದಲ್ಲಿ ಪುಟ್ಟಿ ಖಾತೆ ತೆರೆದು ಕೆಂಪು ಶಾಯಿಯಲ್ಲಿ ಬರೆದಳು: 'ನಾಲ್ಕನೆಯ ದಿನ. ಹಗ್ಗಕ್ಕೆ ಮುಂಚೆ ಬಾಗಿಲು. ತಪ್ಪು ಅಜ್ಜನದು.' ಬ್ಯಾಂಕಿನಲ್ಲಿ ತಪ್ಪು ತಿದ್ದಿದ ಕಡೆ ತಿದ್ದಿದವನು ಸಹಿ ಹಾಕಬೇಕು. ನಾನು ಕನ್ನಡಕ ಹಾಕಿಕೊಂಡು ಸಹಿ ಮಾಡಿದೆ.

ಬೆಣ್ಣೆ ಈಗ ಇಲ್ಲಿನ ಬಾಲ್ಕನಿಯಲ್ಲಿ ಕೌದಿಯ ಮೇಲೆ ಮಲಗಿ ಹೊಸ ಓಣಿಯ ನಾಯಿಗಳಿಗೆ ಬೊಗಳುತ್ತಾನೆ. ಬಿಸಿಲು ಏರುವ ಮುಂಚೆ, ಫೆಬ್ರವರಿಯ ಕೊನೆಗೆ, ನಾವು ವಾಪಸು ಹೊರಡಬೇಕು. ಪುಟ್ಟಿ ಹೊಸ ಪುಟ ತೆರೆದಿದ್ದಾಳೆ. ಮೊದಲ ಸಾಲು, 'ಹಗ್ಗ ಅಜ್ಜನ ಕೈಗೆ ಕೊಡಬಾರದು.' ಎರಡನೆಯದನ್ನು ನಾನು ಬರೆಸಿದ್ದೇನೆ. ದಾವಣಗೆರೆಗೆ ಹೋದ ಮೇಲೆ ಒಂದು ದಿನ ಸಾಗರ. ನನ್ನ ಆ ಪಕ್ಕದ ಮನೆಯವರ ಮಕ್ಕಳು ಈಗಲೂ ಅಲ್ಲೇ ಇದ್ದಾರಂತೆ. ನಲವತ್ತು ವರ್ಷ ತಡವಾಗಿದೆ, ಆದರೂ ಕೇಳಿ ಬರಬೇಕು. ಬೆಣ್ಣೆಯೂ ಜೊತೆಗೆ ಬರುತ್ತಾನೆ.